ಡಯಾಲಿಸಿಸ್ ಕೇಂದ್ರಕ್ಕೆ ಬೀಗ ಬಿದ್ದರೆ ಹೊಣೆ ಯಾರು?

ಕಿರಾಣಿ ಅಂಗಡಿ ಸುಟ್ಟರೆ ಅಳುವವನು ಅಂಗಡಿಯ ಯಜಮಾನ. ಡಯಾಲಿಸಿಸ್ ಕೇಂದ್ರ ಸುಟ್ಟರೆ ಯಜಮಾನನೊಬ್ಬನೇ ಅಳುವುದಿಲ್ಲ. ವಾರಕ್ಕೆ ಎರಡು ಸಲವೋ ಮೂರು ಸಲವೋ ಅಲ್ಲಿನ ಯಂತ್ರಕ್ಕೆ ತೋಳು ಕೊಟ್ಟು ಮಲಗುವ ಅಷ್ಟೂ ಜನರ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ.

ಈ ವ್ಯತ್ಯಾಸ ಚಿಕ್ಕದಲ್ಲ. ಆದರೆ ವಿಮೆಯ ಮಾತು ಬಂದಾಗ ಮಾತ್ರ ಎರಡಕ್ಕೂ ಒಂದೇ ತಕ್ಕಡಿ. ಬ್ಯಾಂಕು ಕೇಳಿತು, ಮಾಡಿಸಿದರು, ಕಾಗದ ಫೈಲಿಗೆ ಸೇರಿತು, ಮುಗಿಯಿತು ಕಥೆ! ಆ ಕಾಗದದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂದು ಓದಿ ನೋಡುವವರು ಎಷ್ಟು ಮಂದಿ?

ಮುಂಜಾನೆ ಶಹಾಪುರ, ಸುರಪುರದ ಬಸ್ ನಿಲ್ದಾಣದಲ್ಲಿ ನಿಲ್ಲುವ ನಮ್ಮ ಓದುಗರಿಗೆ ಈ ಪ್ರಯಾಣಿಕರ ಪರಿಚಯ ಇದ್ದೇ ಇರುತ್ತದೆ. ತೋಳಿಗೆ ಪಟ್ಟಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ದವಾಖಾನೆ ಫೈಲು. "ಎಲ್ಲಿಗ್ರೀ ಇಷ್ಟು ಲಗೂನ?" ಅಂದರೆ "ರಗತ ತೊಳಸ್ಕೊಂಡು ಬರಬೇಕ್ರೀ" ಅನ್ನುತ್ತಾರೆ. ಹೋಗುವಾಗ ಸೀಟು ಸಿಗದಿದ್ದರೂ ನಡೆಯುತ್ತದೆ. ಬರುವಾಗ ನಿಲ್ಲುವ ಶಕ್ತಿ ಇರುವುದಿಲ್ಲ. ಅಂಥವರ ಪರವಾಗಿ ಈ ಅಂಕಣ ಇಂದು ಒಂದು ಲೆಕ್ಕ ಕೇಳುತ್ತಿದೆ.

ಕಾಯಲಾಗದ ಗಿರಾಕಿ

ಬಟ್ಟೆ ಅಂಗಡಿ ಹದಿನೈದು ದಿನ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಡತಿ ಅಂಗಡಿ ಮುಚ್ಚಿದರೆ ರೈತ ತೊಗರಿಯನ್ನು ಇನ್ನೊಬ್ಬ ಅಡತಿಯವನ ಮುಂದೆ ಸುರಿಯುತ್ತಾನೆ. ಡಯಾಲಿಸಿಸ್ ಗಿರಾಕಿಗೆ ಆ ಸ್ವಾತಂತ್ರ್ಯ ಇಲ್ಲ. ಕಿಡ್ನಿ ಕೆಲಸ ಬಿಟ್ಟ ಮೇಲೆ ರಕ್ತದ ಕಲ್ಮಶ, ಮೈಯಲ್ಲಿ ನಿಂತ ನೀರು ಎರಡನ್ನೂ ಯಂತ್ರವೇ ತೆಗೆಯಬೇಕು. ಒಂದು ಸರದಿಗೆ ಸುಮಾರು ನಾಲ್ಕು ತಾಸು. ಒಂದು ಸರದಿ ತಪ್ಪಿದರೆ ಉಸಿರು ಕಟ್ಟುತ್ತದೆ. ಎರಡು ತಪ್ಪಿದರೆ ಶ್ವಾಸಕೋಶಕ್ಕೆ ನೀರು ಸೇರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು.

ಪಕ್ಕದ ಕೇಂದ್ರಕ್ಕೆ ಹೋಗಲಿ ಅನ್ನುವವರೂ ಇದ್ದಾರೆ. ಎಲ್ಲಿಗೆ ಹೋಗಬೇಕು? ಸುರಪುರದಿಂದ ಕಲಬುರಗಿ ಅಂದರೆ ಸುಮಾರು ನೂರು ಕಿಲೋಮೀಟರು. ಅಲ್ಲಿಯೂ ಯಂತ್ರಗಳಿಗೆ ಪಾಳಿ ಹಚ್ಚಿಯೇ ರೋಗಿಗಳನ್ನು ಕೂಡಿಸುತ್ತಾರೆ. ಇಲ್ಲಿಯ ಕೇಂದ್ರ ನಿಂತ ದಿನ ಅಲ್ಲಿ ಪಾಳಿ ಖಾಲಿ ಇರಬೇಕಲ್ಲ!

ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ರಂದು. ಅದಕ್ಕೂ ಮೊದಲು ದೊಡ್ಡ ಕಾಯಿಲೆ ಬಂದರೆ ಗುಲಬರ್ಗಾ ಇಲ್ಲವೇ ರಾಯಚೂರು ಅನ್ನುವುದು ಇಲ್ಲಿನವರಿಗೆ ರೂಢಿಯಾಗಿಬಿಟ್ಟಿತ್ತು. ತಾಲೂಕು ಊರುಗಳಿಗೇ ಡಯಾಲಿಸಿಸ್ ಬಂದದ್ದು ನಿಜಕ್ಕೂ ದೊಡ್ಡ ಕೆಲಸ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಸಾರಿದ ಮೇಲೆ ಬಡವರಿಗೆ ಇದು ಉಚಿತವಾಯಿತು. ಕೊಟ್ಟವರನ್ನು ಹೊಗಳೋಣ. ಆದರೆ ಕೊಟ್ಟದ್ದು ನಿಲ್ಲದಂತೆ ನೋಡಿಕೊಳ್ಳುವವರು ಯಾರು ಎಂದೂ ಕೇಳೋಣ.

ಅರ್ಧ ವಿಮೆಗೆ ಅರ್ಧ ಪರಿಹಾರ

ವಿಮೆ ಅಂದರೆ ಏನೆಂದು ನಮ್ಮ ಅಂಗಡಿಕಾರರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತಿ ಮಿಲ್ಲಿನವರಿಗಂತೂ ಬೇಸಿಗೆ ಬಂದರೆ ಎದೆಯಲ್ಲಿ ಅದೇ ಧ್ಯಾನ. ಆದರೂ ಬಹಳ ಮಂದಿಯ ತಿಳಿವಳಿಕೆ "ಕಂತು ಕಟ್ಟೇವಿ, ಏನರ ಆದರ ಕಂಪನಿ ಕೊಡ್ತದ" ಅನ್ನುವಲ್ಲಿಗೆ ನಿಂತಿದೆ. ಏನಾದರೂ ಆದರೆ ಕಂಪನಿ ಕೊಡುವುದಿಲ್ಲ. ಪಾಲಿಸಿಯಲ್ಲಿ ಬರೆದದ್ದು ಆದರೆ ಮಾತ್ರ ಕೊಡುತ್ತದೆ.

2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆಂದು ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ಒಂದೇ ಜಾಗದಲ್ಲಿರುವ ಆಸ್ತಿಯ ಬೆಲೆ 5 ಕೋಟಿ ರೂಪಾಯಿ ಮೀರದ ಅಂಗಡಿ, ಮಿಲ್ಲು, ದವಾಖಾನೆ ಎಲ್ಲವೂ ಇದರಡಿ ಬರಬಹುದು. 5 ಕೋಟಿಯಿಂದ 50 ಕೋಟಿಯವರೆಗೆ ಲಘು ಉದ್ಯಮ ಸುರಕ್ಷಾ ಎಂಬ ಇನ್ನೊಂದು ಇದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ದೊಂಬಿ, ಟ್ಯಾಂಕು ಒಡೆದು ಆಗುವ ಹಾನಿ ಇವೆಲ್ಲ ಇದರಲ್ಲಿ ಸೇರಿವೆ. ಒಳ್ಳೆಯ ಪಾಲಿಸಿಯೇ.

ಆದರೆ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ಕಡಿಮೆ ಬೆಲೆ ತೋರಿಸುವ ಚಾಳಿ. ಹತ್ತು ಲಕ್ಷದ ಮಾಲಿಗೆ ಐದು ಲಕ್ಷದ ವಿಮೆ ಮಾಡಿಸಿದವರು ಎರಡು ಲಕ್ಷದ ಹಾನಿಗೆ ಎರಡು ಲಕ್ಷ ಸಿಗುತ್ತದೆ ಎಂದುಕೊಂಡಿರುತ್ತಾರೆ. ಸಿಗುವುದು ಒಂದೇ ಲಕ್ಷ! ಹೊಸ ಪಾಲಿಸಿಯಲ್ಲಿ ಶೇಕಡ 15ರವರೆಗಿನ ಕೊರತೆಯನ್ನು ಮಾಫಿ ಮಾಡುತ್ತಾರೆ. ಅದಕ್ಕೂ ಮೀರಿ ಕಡಿಮೆ ತೋರಿಸಿದರೆ ಅದೇ ಹಳೆಯ ಲೆಕ್ಕ. ಕಂತಿನಲ್ಲಿ ಉಳಿಸಿದ ಸಾವಿರ ರೂಪಾಯಿ ಪರಿಹಾರದಲ್ಲಿ ಲಕ್ಷ ನುಂಗುತ್ತದೆ.

ಎರಡನೆಯದು ಕರೆಂಟು. ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹತ್ತಿ ಪಕ್ಕದ ಸಾಮಾನು ಸುಟ್ಟರೆ ಬೆಂಕಿ ವಿಮೆ ಕೊಡುತ್ತದೆ. ಆದರೆ ವೋಲ್ಟೇಜು ಏರಿ ಯಂತ್ರದ ಒಳಗಿನ ಬೋರ್ಡು ಮಾತ್ರ ಸುಟ್ಟರೆ ಸಾಮಾನ್ಯವಾಗಿ ಆ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಡಯಾಲಿಸಿಸ್ ಯಂತ್ರದ ಪ್ರಾಣ ಇರುವುದೇ ಆ ಬೋರ್ಡಿನಲ್ಲಿ! ಅದಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ ಎಂಬುದು ಬೇರೆಯೇ ಇದೆ. ಅದನ್ನು ಬೇರೆಯಾಗಿ ಕೇಳಬೇಕು, ಬೇರೆ ಕಂತು ಕಟ್ಟಬೇಕು. ಯಂತ್ರಕ್ಕೆ ವರ್ಷದ ನಿರ್ವಹಣೆ ಕರಾರು ಇದೆಯೇ ಎಂದೂ ಕಂಪನಿಯವರು ಸಾಮಾನ್ಯವಾಗಿ ಕೇಳುತ್ತಾರೆ. ಸವೆದು ಹೋದ ಯಂತ್ರಕ್ಕೆ ಇದೂ ಕೊಡುವುದಿಲ್ಲ.

ಮೂರನೆಯದು ನವೀಕರಣ. ಕಂತು ಕಂಪನಿಗೆ ಮುಟ್ಟದೆ ಕಂಪನಿಯ ಹೊಣೆ ಶುರುವಾಗುವುದಿಲ್ಲ ಎಂಬುದು ವಿಮಾ ಕಾಯ್ದೆಯ ನಿಯಮ. ಪಾಲಿಸಿ ನಿನ್ನೆ ಮುಗಿದು ಇಂದು ಬೆಂಕಿ ಬಿದ್ದರೆ "ಇಪ್ಪತ್ತು ವರ್ಷದಿಂದ ಕಟ್ಟೇವ್ರೀ" ಎಂಬ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ನಿಂತ ದಿನಗಳ ಲೆಕ್ಕ

ಇದೆಲ್ಲ ಸರಿಯಾಗಿ ಮಾಡಿಸಿದರೂ ಸಿಗುವುದು ಸುಟ್ಟ ಯಂತ್ರದ ದುಡ್ಡು. ಸರ್ವೆಯರ್ ಬರಬೇಕು, ವರದಿ ಬರೆಯಬೇಕು, ಹಣ ಮಂಜೂರಾಗಬೇಕು, ಹೊಸ ಯಂತ್ರ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರಬೇಕು. ಅಷ್ಟು ದಿನ ಕೇಂದ್ರದ ಬಾಡಿಗೆ, ಟೆಕ್ನಿಷಿಯನ್ ಸಂಬಳ, ಬ್ಯಾಂಕಿನ ಕಂತು ಯಾರು ಕಟ್ಟುತ್ತಾರೆ? ಅದಕ್ಕಿಂತ ಮುಖ್ಯವಾಗಿ, ನಾಳೆ ಬರಬೇಕಾದ ರೋಗಿಯನ್ನು ಎಲ್ಲಿ ಮಲಗಿಸುತ್ತಾರೆ?

ಇದಕ್ಕೂ ಒಂದು ವಿಮೆ ಇದೆ. ಏಜೆಂಟರು ಲಾಸ್ ಆಫ್ ಪ್ರಾಫಿಟ್ ಅನ್ನುತ್ತಾರೆ. ಹೆಸರು ಕೇಳಿ ಇದು ಸಾಹುಕಾರರ ಲಾಭಕ್ಕೆ ಮಾಡಿದ್ದು ಅಂದುಕೊಳ್ಳಬೇಡಿ. ಬೆಂಕಿ, ಪ್ರವಾಹದಂಥ ಹಾನಿಯಿಂದ ಕೆಲಸ ನಿಂತಾಗ ತಪ್ಪಿಸಲಾಗದ ಖರ್ಚುಗಳನ್ನೂ ಕೆಲಸ ನಿಲ್ಲದಂತೆ ಮಾಡುವ ಹೆಚ್ಚಿನ ಖರ್ಚನ್ನೂ ಇದು ಒಂದು ಮಿತಿಯವರೆಗೆ ಭರಿಸುತ್ತದೆ. ಬಾಡಿಗೆ ಜಾಗ, ಬಾಡಿಗೆ ಜನರೇಟರು ಅದರಲ್ಲಿ ಬರಬಹುದು. ರೋಗಿಗಳನ್ನು ಬೇರೆ ಕೇಂದ್ರಕ್ಕೆ ಕಳಿಸುವ ಖರ್ಚನ್ನೂ ಸೇರಿಸಿ ಎಂದು ಕೇಂದ್ರದವರು ಪಟ್ಟು ಹಿಡಿದು ಬರೆಸಿಕೊಳ್ಳಬೇಕು. ಬರೆಸದಿದ್ದರೆ ಇಲ್ಲ.

ನಮ್ಮ ಜಿಲ್ಲೆಗೆ ಇನ್ನೂ ಒಂದು ಮಾತು ಸೇರಿಸಬೇಕು. ಇತ್ತ ಕೃಷ್ಣೆ, ಅತ್ತ ಭೀಮೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಳು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಳು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಹೊಲ, ಹಳ್ಳಿ, ರಸ್ತೆಗಳನ್ನು ಮುಳುಗಿಸಿದಳು. ಇಂಥ ದಿನಗಳಲ್ಲಿ ಕೇಂದ್ರದೊಳಗೆ ಒಂದು ಹನಿ ನೀರು ನುಗ್ಗದಿದ್ದರೂ ಸೇತುವೆ ಮುಳುಗಿ ರೋಗಿ ಬರಲಾಗುವುದಿಲ್ಲ, ಲೈನು ಬಿದ್ದು ಕರೆಂಟು ಇರುವುದಿಲ್ಲ. ಆಗ ಸಾದಾ ಪಾಲಿಸಿ "ನಿಮ್ಮ ಆಸ್ತಿಗೆ ಏನೂ ಆಗಿಲ್ಲವಲ್ಲ" ಎಂದು ಕೈ ತೊಳೆದುಕೊಳ್ಳುತ್ತದೆ. ದಾರಿ ಬಂದಾದಾಗ, ಕರೆಂಟು-ನೀರು ಕಡಿದಾಗ ಆಗುವ ನಷ್ಟಕ್ಕೆ ಹೆಚ್ಚುವರಿ ಕಲಮು ಹಾಕಿಸುವ ಅವಕಾಶ ಇದೆ. ಎರಡು ಹೊಳೆಗಳ ನಡುವೆ ಬದುಕುವವರು ಆ ಕಲಮು ಬಿಟ್ಟು ಪಾಲಿಸಿ ಮಾಡಿಸಿದರೆ ಕೊಡೆ ಇಲ್ಲದೆ ಮಳೆಗೆ ಹೋದಂತೆ.

ನೀರು ಎಂಬ ಬೆಂಕಿ

ಬೆಂಕಿಯ ಮಾತಾಯಿತು. ಡಯಾಲಿಸಿಸ್ ಕೇಂದ್ರದಲ್ಲಿ ಬೆಂಕಿಗಿಂತ ಹೆಚ್ಚು ಅಂಜಬೇಕಾದದ್ದು ನೀರಿಗೆ. ಯಂತ್ರದಲ್ಲಿ ಮಿನಿಟಿಗೆ ಸುಮಾರು ಅರ್ಧ ಲೀಟರು ದ್ರಾವಣ ಹರಿಯುತ್ತದೆ. ನಾಲ್ಕು ತಾಸಿಗೆ 120 ಲೀಟರು. ಅಂದರೆ ಒಬ್ಬ ರೋಗಿಯ ರಕ್ತದ ಪಕ್ಕದಲ್ಲಿ, ತೆಳು ಪೊರೆಯೊಂದರ ಆಚೆ, ಒಂದು ಸರದಿಗೆ ಎಂಟು ಕೊಡದಷ್ಟು ನೀರು ಹಾದು ಹೋಗುತ್ತದೆ. ನಾವು ಕುಡಿಯುವ ನೀರು ಹೊಟ್ಟೆಯ ತಪಾಸಣೆ ದಾಟಿ ರಕ್ತಕ್ಕೆ ಸೇರುತ್ತದೆ. ಇಲ್ಲಿ ಆ ತಪಾಸಣೆ ಇಲ್ಲ. ಶುದ್ಧೀಕರಣ ಘಟಕವೇ ಕಾವಲುಗಾರ.

1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬ ಊರಿನಲ್ಲಿ ಏನಾಯಿತು ಎಂಬುದನ್ನು ನಮ್ಮವರು ತಿಳಿಯಬೇಕು. ಬರಗಾಲದ ಪ್ರದೇಶ. ಡಯಾಲಿಸಿಸ್ ಕೇಂದ್ರಕ್ಕೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಕೆರೆಯ ಪಾಚಿಯ ವಿಷ ಆ ನೀರಿನಲ್ಲಿತ್ತು, ಶುದ್ಧೀಕರಣ ಸರಿಯಾಗಿ ಆಗಲಿಲ್ಲ. ನೂರಕ್ಕೂ ಹೆಚ್ಚು ರೋಗಿಗಳು ಹಾಸಿಗೆ ಹಿಡಿದರು. ಲಿವರ್ ಕೆಟ್ಟು 50ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಇಲ್ಲ, ಹೊಗೆ ಇಲ್ಲ, ಒಂದು ಕಿಟಕಿ ಗಾಜೂ ಒಡೆಯಲಿಲ್ಲ!

ಟ್ಯಾಂಕರ್ ನೀರು ನಮಗೆ ಹೊಸದೇ? ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕ ಸುದ್ದಿಯನ್ನು ಈ ಜಿಲ್ಲೆ ಮರೆತಿಲ್ಲ. ಬೇಸಿಗೆಯಲ್ಲಿ ನಲ್ಲಿ ಒಣಗಿ ಟ್ಯಾಂಕರು ಬಂದಾಗ ಅದು ಯಾವ ಬಾವಿಯದು, ಯಾವ ಕೆರೆಯದು ಎಂದು ಕೇಳುವವರು ಯಾರು? ಇಂಥ ಅನಾಹುತಕ್ಕೆ ಬೆಂಕಿ ವಿಮೆ ಒಂದು ಪೈಸೆ ಕೊಡುವುದಿಲ್ಲ. ರೋಗಿಗೆ ಪರಿಹಾರ ಸಿಗಬೇಕಾದರೆ ಕೇಂದ್ರದ ಹೆಸರಿನಲ್ಲಿ ವೃತ್ತಿ ಹೊಣೆಗಾರಿಕೆಯ ವಿಮೆ ಇರಬೇಕು. ವೈದ್ಯರ ಸ್ವಂತ ಹೆಸರಿನಲ್ಲಿ ಇದ್ದರೆ ಸಾಲದು. ಟೆಕ್ನಿಷಿಯನ್, ನರ್ಸು, ನೀರಿನ ಘಟಕ ಎಲ್ಲವೂ ಅದರೊಳಗೆ ಬರಬೇಕು. ರಕ್ತದ ನಡುವೆಯೇ ದುಡಿಯುವ ಸಿಬ್ಬಂದಿಗೆ ಸೂಜಿ ಚುಚ್ಚಿ ಕಾಮಾಲೆ ತಗುಲಿದರೆ ಅದಕ್ಕೂ ರಕ್ಷಣೆ ಇರಬೇಕು.

ದವಾಖಾನೆಯ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪು, ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಸೇವೆ ಆ ಕಾಯ್ದೆಯ ಹೊರಗೆ ಎಂದೂ ಹೇಳಿತು. ಇದರ ಅರ್ಥ ಏನು? ದುಡ್ಡು ಕೊಟ್ಟು ಹೋದವನಿಗೆ ಗ್ರಾಹಕ ಆಯೋಗದ ಬಾಗಿಲು ಸಲೀಸಾಗಿ ತೆರೆಯುತ್ತದೆ. ಪುಕ್ಕಟೆ ಹೋದ ಬಡವನಿಗೆ ಬಾಗಿಲಲ್ಲೇ ತಕರಾರು ಎದುರಾಗಬಹುದು. ಹಾಗಾದರೆ ಸರ್ಕಾರಿ ದವಾಖಾನೆಯ ಕೇಂದ್ರದಲ್ಲೇ ಈ ವಿಮೆ ಹೆಚ್ಚು ಗಟ್ಟಿಯಾಗಿರಬೇಕಲ್ಲವೇ?

ಇಬ್ಬರ ನಡುವೆ ಕೂಸು

ಸರ್ಕಾರಿ ಕೇಂದ್ರದ ವ್ಯವಸ್ಥೆ ಹೀಗಿದೆ. ರಾಷ್ಟ್ರೀಯ ಯೋಜನೆಯ ಮಾರ್ಗಸೂಚಿಯ ಪ್ರಕಾರ ಜಾಗ, ಕರೆಂಟು, ನೀರು, ಔಷಧಿ ಸರ್ಕಾರದ್ದು. ಯಂತ್ರ, ನೀರಿನ ಶುದ್ಧೀಕರಣ ಘಟಕ, ಸಿಬ್ಬಂದಿ, ಸಾಮಗ್ರಿ ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಯದು. ಕಾಗದದ ಮೇಲೆ ಚೊಕ್ಕಾಗಿದೆ. ಈಗ ಒಂದು ಪ್ರಶ್ನೆ. ಸರ್ಕಾರದ ಕರೆಂಟಿನಿಂದ ಗುತ್ತಿಗೆದಾರನ ಯಂತ್ರ ಸುಟ್ಟರೆ ಯಾರ ತಪ್ಪು? ಸರ್ಕಾರದ ಚಾವಣಿ ಸೋರಿ ಯಂತ್ರ ಕೆಟ್ಟರೆ? "ನಮ್ಮದಲ್ಲ, ಅವರದು" ಎಂದು ಪತ್ರ ಓಡಾಡುವಷ್ಟರಲ್ಲಿ ರೋಗಿಯ ಸರದಿ ತಪ್ಪಿರುತ್ತದೆ. ಸರ್ಕಾರಿ ಕಟ್ಟಡಕ್ಕೆ ವಿಮೆ ಮಾಡಿಸುವ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಯಾವುದಕ್ಕೆ ಯಾರು ವಿಮೆ ಕಟ್ಟಬೇಕು ಎಂಬುದನ್ನು ಗುತ್ತಿಗೆ ಪತ್ರದಲ್ಲೇ ಅಕ್ಷರ ಅಕ್ಷರ ಬರೆಯಬೇಕು.

ಇನ್ನೂ ಕಹಿಯಾದ ಒಂದು ಸತ್ಯ ಇದೆ. ನಮ್ಮ ರಾಜ್ಯದಲ್ಲಿ ಡಯಾಲಿಸಿಸ್ ಕುಂಟಿದ್ದು ಬೆಂಕಿಯಿಂದಲ್ಲ, ಪ್ರವಾಹದಿಂದಲ್ಲ. ತಾಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳನ್ನು ಸರ್ಕಾರ ಖಾಸಗಿಯವರಿಗೆ ವಹಿಸಿದಾಗ ಹೆಚ್ಚಿನ ಜಿಲ್ಲೆಗಳ ಕೆಲಸ ಬಿ.ಆರ್. ಶೆಟ್ಟಿ ಹೆಸರಿನ ಸಂಸ್ಥೆಗೆ ಹೋಯಿತು. 2021ರ ಹೊತ್ತಿಗೆ ಸಿಬ್ಬಂದಿಗೆ ಸಂಬಳ ಇಲ್ಲ, ಸಾಮಗ್ರಿ ಸಾಲದು ಎಂಬ ಕೂಗು ಎದ್ದಿತು. ಬಿಲ್ಲು-ಬಾಕಿಯ ತಕರಾರು ಬೆಳೆಯಿತು. ಕೊನೆಗೆ ಸರ್ಕಾರ ಆ ಕರಾರು ಮುರಿದು ಬೇರೆ ವ್ಯವಸ್ಥೆ ಮಾಡಬೇಕಾಯಿತು. ನಡುವೆ ನರಳಿದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ನಿಲುಗಡೆಗೆ ಯಾವ ವ್ಯಾಪಾರ ವಿಮೆಯೂ ಒದಗುವುದಿಲ್ಲ. ಸಂಬಳ ಕೊಡದೆ ಸಿಬ್ಬಂದಿ ಕೈಕಟ್ಟಿ ಕೂತರೆ ವಿಮೆ ಕಂಪನಿ ಅದನ್ನು ಆಕಸ್ಮಿಕ ಅನ್ನುವುದಿಲ್ಲ. ಸರ್ಕಾರ ಬಿಲ್ಲು ಕೊಡದಿದ್ದರೆ ಅದು ಪ್ರಕೃತಿ ವಿಕೋಪವೂ ಅಲ್ಲ! ಇದಕ್ಕೆ ಮದ್ದು ಬೇರೆ. ಗುತ್ತಿಗೆದಾರನ ಬ್ಯಾಂಕ್ ಗ್ಯಾರಂಟಿ ಗಟ್ಟಿಯಾಗಿರಬೇಕು. ಕೇಂದ್ರ ಇಂತಿಷ್ಟು ತಾಸು ನಿಂತರೆ ಆ ಠೇವಣಿಯ ದುಡ್ಡಿನಲ್ಲೇ ಜಿಲ್ಲಾ ಅಧಿಕಾರಿಗಳು ಕೇಂದ್ರ ನಡೆಸುವಂತೆ ಅಧಿಕಾರ ಇರಬೇಕು. ಅದರ ಜೊತೆಗೆ ಸರ್ಕಾರವೂ ಬಿಲ್ಲನ್ನು ಹೇಳಿದ ದಿನದೊಳಗೆ ತೀರಿಸಬೇಕು. ಸಾಲ ಇಟ್ಟುಕೊಂಡ ಗಿರಾಕಿಯಿಂದ ಅಂಗಡಿ ಹೇಗೆ ಮುಳುಗುತ್ತದೆ ಎಂಬುದು ನಮ್ಮ ಅಂಗಡಿಕಾರರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸರ್ಕಾರವೇ ಸಾಲಗಾರ ಗಿರಾಕಿಯಾದರೆ ಅಂಗಡಿಯವನು ಯಾರ ಮನೆ ಮುಂದೆ ಕೂಡಬೇಕು?

ಖರ್ಚು ಯಾರ ತಲೆಗೆ?

"ಇಷ್ಟೆಲ್ಲ ವಿಮೆ ಮಾಡಿಸಿದರೆ ಖರ್ಚು ರೋಗಿಯ ತಲೆಗೇ ಬೀಳುತ್ತದೆ" ಎಂಬ ವಾದ ಬರುತ್ತದೆ. ಸುಳ್ಳಲ್ಲ. ಖಾಸಗಿ ಕೇಂದ್ರದವನು ಧರ್ಮಛತ್ರ ಇಟ್ಟುಕೊಂಡು ಕೂತಿಲ್ಲ. ವ್ಯಾಪಾರದ ಪಾಲಿಸಿಯ ಮೇಲೆ ಶೇಕಡ 18 ಜಿ.ಎಸ್.ಟಿ. ಬೇರೆ. 2025ರ ಸೆಪ್ಟೆಂಬರಿನಲ್ಲಿ ವ್ಯಕ್ತಿಗಳ ಆರೋಗ್ಯ ವಿಮೆ, ಜೀವ ವಿಮೆಗೆ ಆ ತೆರಿಗೆ ಬಿಟ್ಟರು. ಡಯಾಲಿಸಿಸ್ ಕೇಂದ್ರದ ಪಾಲಿಸಿಗೆ ಬಿಡಲಿಲ್ಲ. ಬಡವರ ಪ್ರಾಣ ಕಾಯುವ ಕೇಂದ್ರಕ್ಕೂ ಹತ್ತಿ ಗೋದಾಮಿಗೂ ಒಂದೇ ತೆರಿಗೆ ಎಂಬುದು ನ್ಯಾಯವಲ್ಲ. ಕಲಬುರಗಿ, ರಾಯಚೂರಿನ ಸಂಸದರು ದಿಲ್ಲಿಯಲ್ಲಿ ಇದನ್ನು ಎತ್ತಬೇಕು.

ಆದರೆ ಇನ್ನೊಂದು ಕಡೆಯಿಂದ ನೋಡಿ. ವಿಮೆಯ ಕಂತು ವರ್ಷದ ಅಷ್ಟೂ ಸರದಿಗಳ ಮೇಲೆ ಹಂಚಿ ಹೋಗುವ ಖರ್ಚು. ಕೇಂದ್ರ ನಿಂತರೆ ಬೀಳುವ ಖರ್ಚು ಹಂಚಿ ಹೋಗುವುದಿಲ್ಲ. ಒಬ್ಬೊಬ್ಬ ರೋಗಿ ಕಲಬುರಗಿಗೆ ಗಾಡಿ ಬಾಡಿಗೆ ಮಾಡಬೇಕು, ಜೊತೆಗೆ ಒಬ್ಬ ಆಳು ಕೂಲಿ ಬಿಟ್ಟು ಹೋಗಬೇಕು, ಅಲ್ಲಿ ಸಿಗುವ ರೇಟಿಗೆ ತೆರಬೇಕು. ಈಗಲೂ ಒಂದು ವಿಮೆ ಇದ್ದೇ ಇದೆ. ಅದರ ಕಂತನ್ನು ಬಡ ರೋಗಿ ತನ್ನ ಪ್ರಾಣದಲ್ಲಿ ಕಟ್ಟುತ್ತಿದ್ದಾನೆ, ಅಷ್ಟೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಪ್ರತಿ ಡಯಾಲಿಸಿಸ್ ಕೇಂದ್ರದ ಮುಂದೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಒಂದು ಬೋರ್ಡು ತೂಗಲಿ. ಯಾವ ವಿಮೆ, ಯಾವ ಕಂಪನಿ, ಯಾವ ತಾರೀಖಿಗೆ ಮುಗಿಯುತ್ತದೆ ಎಂಬ ಮೂರು ಸಾಲು ಸಾಕು. ಜೊತೆಗೆ ನೀರಿನ ಪರೀಕ್ಷೆ ಕೊನೆಗೆ ಯಾವಾಗ ಆಯಿತು ಎಂಬ ಒಂದು ಸಾಲು. ಕೇಂದ್ರ ನಿಂತರೆ ರೋಗಿ ಎಲ್ಲಿಗೆ ಹೋಗಬೇಕು, ಯಾವ ನಂಬರಿಗೆ ಫೋನು ಮಾಡಬೇಕು ಎಂಬ ಮತ್ತೊಂದು ಸಾಲು. ಯಾದಗಿರಿ, ಶಹಾಪುರ, ಸುರಪುರದ ಕೇಂದ್ರಗಳು ಒಬ್ಬರಿಗೊಬ್ಬರು ಪಾಳಿ ಬಿಟ್ಟುಕೊಡುವ ಕರಾರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಮುಂದೆ ನಿಂತು ಮಾಡಿಸಲಿ. ರಾತ್ರಿ ಒಂದು ಪಾಳಿ ಹೆಚ್ಚು ನಡೆಸಿದರೆ ನಾಲ್ಕು ದಿನ ದೂಡಬಹುದು. ಇದಕ್ಕೆ ವಿಧಾನಸೌಧದ ಅಪ್ಪಣೆ ಬೇಕಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಮಧ್ಯಾಹ್ನ ಸಾಕು.

ಖಾಸಗಿ ಕೇಂದ್ರದ ಯಜಮಾನರೂ ಒಂದು ಸಂಜೆ ಪಾಲಿಸಿ ತೆಗೆದು ಏಜೆಂಟರನ್ನು ಮುಂದೆ ಕೂಡಿಸಿಕೊಂಡು ಓದಲಿ. ಹೊರಗುಳಿದದ್ದು ಏನು ಎಂಬ ಪುಟವನ್ನು ಮೊದಲು ಓದಲಿ. ಸರಿಯಾದ ಪರಿಹಾರವನ್ನು ಕಂಪನಿ ತಳ್ಳಿಹಾಕಿದರೆ, ಒಬ್ಬರೇ ನಡೆಸುವ ವ್ಯಾಪಾರಕ್ಕೂ ಅತಿ ಸಣ್ಣ ಉದ್ದಿಮೆಗೂ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಖರ್ಚಿಲ್ಲದೆ ದೂರು ಕೊಡುವ ದಾರಿ ಇದೆ. ಈ ಮಾತು ನಮ್ಮ ಅಂಗಡಿಕಾರ ಓದುಗರಿಗೂ ಸೇರಿತು.

ಜನಪ್ರತಿನಿಧಿಗಳು ಬರುತ್ತಾರೆ, ಹೊಸ ಯಂತ್ರಕ್ಕೆ ಹೂಮಾಲೆ ಹಾಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಸಂತೋಷ. ಮುಂದಿನ ಸಲ ಟೇಪು ಕತ್ತರಿಸುವ ಮೊದಲು ಅವರು ಒಂದೇ ಒಂದು ಪ್ರಶ್ನೆ ಕೇಳಲಿ: "ಈ ಯಂತ್ರ ನಾಳೆ ನಿಂತರೆ ನಾಡಿದ್ದು ಈ ರೋಗಿ ಎಲ್ಲಿ ಮಲಗುತ್ತಾನೆ?" ಉತ್ತರ ಕೊಡುವವರು ಸಿಕ್ಕರೆ ಕತ್ತರಿಸಲಿ. ಸಿಗದಿದ್ದರೆ ಕತ್ತರಿಯನ್ನು ಕೆಳಗಿಟ್ಟು ಮೊದಲು ಪಾಲಿಸಿ ತರಿಸಲಿ.

ಜಿಲ್ಲಾಡಳಿತ ಏನನ್ನುತ್ತದೆ?